10 ಸಾವಿರ ಇಟ್ಟು 50 ಲಕ್ಷದ ವ್ಯವಹಾರ: ಫಾರೆಕ್ಸ್ ಆಪ್‌ಗಳ ಲೆವರೇಜ್‌ಗೆ ಮಿತಿ ಬೇಕಲ್ವಾ?

ಸಿಂಧನೂರು ಗುಮಾಸ್ತ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. 14 ವರ್ಷ ಆಯಿತು. ಮುಂಗಡ, ಬಡ್ಡಿ, ಹಮಾಲಿ, ತೂಕ, ಎಲ್ಲದರ ಲೆಕ್ಕ ಗೊತ್ತು. ಆದರೆ ಹೋದ ತಿಂಗಳು ನನ್ನ ತಮ್ಮನ ಫೋನಿನಲ್ಲಿ ನೋಡಿದ ಲೆಕ್ಕ ಎರಡು ದಿನ ತಲೆಗೇ ಹೋಗಲಿಲ್ಲ.

ತಮ್ಮನಿಗೆ 24 ವರ್ಷ. ಬಿ.ಕಾಂ ಮುಗಿಸಿದ್ದಾನೆ. ಆರು ಎಕರೆ ಲೀಜಿಗೆ ಹಿಡಿದು ಭತ್ತ ಮಾಡುತ್ತಾನೆ. ಗೊಬ್ಬರಕ್ಕೆ, ಲೀಜಿಗೆ ಅಂತ 2 ಲಕ್ಷ 10 ಸಾವಿರ ಎತ್ತಿಟ್ಟಿದ್ದ. ಪಕ್ಕದ ಊರಿನಲ್ಲಿ ಮೊಬೈಲ್ ಅಂಗಡಿಯ ಮೇಲಿನ ರೂಮಿನಲ್ಲಿ ಒಬ್ಬರು ಫಾರೆಕ್ಸ್, ಅಂದರೆ ವಿದೇಶಿ ಹಣ ಕೊಂಡು ಮಾರುವ ವ್ಯವಹಾರದ ಕ್ಲಾಸ್ ನಡೆಸುತ್ತಾರೆ. ಅಲ್ಲಿ ಸೇರಿದ. ಮೊದಲು 10 ಸಾವಿರ ಹಾಕಿದ. ನಾಲ್ಕು ದಿನದಲ್ಲಿ 48 ಸಾವಿರ ಆಯಿತು. ಅದರಲ್ಲಿ 5 ಸಾವಿರ ವಾಪಸ್ ತೆಗೆದ. ದುಡ್ಡು ನಿಜವಾಗಿಯೂ ಖಾತೆಗೆ ಬಂತು. ಆಗ ಉಳಿದ 2 ಲಕ್ಷವನ್ನೂ ಹಾಕಿಬಿಟ್ಟ.

ಒಂದು ಶುಕ್ರವಾರ ಸಂಜೆ ಅಮೆರಿಕದ ನೌಕರಿ ಅಂಕಿಸಂಖ್ಯೆ ಬರುವ ಹೊತ್ತಿಗೆ ಅವನು ಹಿಡಿದಿದ್ದು 8 ಲಾಟ್ ಯೂರೋ. ಒಂದು ಲಾಟ್ ಅಂದರೆ 1 ಲಕ್ಷ ಯೂರೋ. 8 ಲಾಟ್‌ಗೆ ರೂಪಾಯಿಯಲ್ಲಿ ಹತ್ತಿರಹತ್ತಿರ ಏಳೂವರೆ ಕೋಟಿ! ನಮ್ಮ ಸಾವುಕಾರರ ಅಂಗಡಿಯಲ್ಲೂ ಒಂದು ದಿನಕ್ಕೆ ಅಷ್ಟು ಓಡಾಡುವುದಿಲ್ಲ. ಕೆಲವೇ ನಿಮಿಷದಲ್ಲಿ ಎಲ್ಲಾ ಮುಗಿಯಿತು. ಆಪ್ ತಾನಾಗಿಯೇ ವ್ಯವಹಾರ ಮುಚ್ಚಿತ್ತು. ಖಾತೆಯಲ್ಲಿ ಉಳಿದಿದ್ದು 312 ರೂಪಾಯಿ.

ನಮ್ಮ ದುಡ್ಡಿನ ಎಷ್ಟು ಪಟ್ಟು ವ್ಯವಹಾರ ಹಿಡಿಯಲು ಆಪ್ ಬಿಡುತ್ತದೋ ಅದಕ್ಕೆ ಲೆವರೇಜ್ ಅನ್ನುತ್ತಾರೆ. ಓದಿ ತಿಳಿದುಕೊಂಡ ಪ್ರಕಾರ ಅಮೆರಿಕದಲ್ಲಿ ಸಣ್ಣ ಗಿರಾಕಿಗೆ ಗರಿಷ್ಠ 50 ಪಟ್ಟು. ಯುರೋಪಿನಲ್ಲಿ 30. ಜಪಾನಿನಲ್ಲಿ 25. ನಮ್ಮ ಹುಡುಗರ ಫೋನಿನಲ್ಲಿ 500 ಪಟ್ಟು. ನಮ್ಮಲ್ಲಿ ಯಾಕೆ ಮಿತಿ ಇಲ್ಲ? ಬೈಯಲಿಕ್ಕೆ ಬರಬೇಡಿ ದಯವಿಟ್ಟು. ಮನೆಯಲ್ಲಿ ಅದು ಸಾಕಷ್ಟು ಆಗಿದೆ. ತಿಳಿದವರು ಹೇಳಿ.

ಕೊಪ್ಪಳ ಹುಡುಗ

ಅಣ್ಣಾ, ನಿಮ್ಮ ತಮ್ಮನಿಗೆ ಆದದ್ದು ಕೇಳಿ ಬೇಜಾರಾಯಿತು. ಆದರೆ ತಪ್ಪು ಲೆವರೇಜ್‌ದಲ್ಲ. ಸುದ್ದಿ ಬರುವ ಹೊತ್ತಿನಲ್ಲಿ 8 ಲಾಟ್ ಹಿಡಿಯಬಾರದು. ನನ್ನ ಖಾತೆಯಲ್ಲೂ 500 ಇದೆ. ನಾನು ಬಳಸುವುದು 15 ಪಟ್ಟು ಅಷ್ಟೇ. 11 ತಿಂಗಳಿಂದ ಮಾಡುತ್ತಿದ್ದೇನೆ, ಇನ್ನೂ ನಿಂತಿದ್ದೇನೆ. ಬೈಕ್ 140ರ ಸ್ಪೀಡ್ ಹೋಗುತ್ತದೆ ಅಂತ ಎಲ್ಲರೂ 140ರಲ್ಲಿ ಓಡಿಸುತ್ತಾರಾ? ನಮ್ಮ ದುಡ್ಡು, ನಮ್ಮ ರಿಸ್ಕ್. ಸರ್ಕಾರ ಕಲಿಸಲಿ, ಕಟ್ಟಿಹಾಕುವುದು ಬೇಡ.

ಲಿಂಗಸುಗೂರು ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಷೇರು, ಫಾರೆಕ್ಸ್ ನನಗೆ ಗೊತ್ತಿಲ್ಲ. ಆದರೆ ಇದು ಏಳನೇ ಕ್ಲಾಸಿನ ಶೇಕಡಾ ಲೆಕ್ಕ. ಮಾಡಿ ತೋರಿಸುತ್ತೇನೆ.

ನಿಮ್ಮ ಹತ್ತಿರ 10 ಸಾವಿರ ಇದೆ. 500 ಪಟ್ಟು ಅಂದರೆ 50 ಲಕ್ಷದ ಯೂರೋ ಹಿಡಿಯಬಹುದು. 50 ಲಕ್ಷಕ್ಕೆ 10 ಸಾವಿರ ಅಂದರೆ ಶೇ 0.2. ಬೆಲೆ ನಿಮ್ಮ ವಿರುದ್ಧ ಶೇ 0.2 ಸರಿದರೆ ದುಡ್ಡು ಪೂರಾ ಹೋಯಿತು. ಯೂರೋ–ಡಾಲರ್ ಒಂದು ದಿನದಲ್ಲಿ ಶೇ ಅರ್ಧದಷ್ಟು ಮೇಲೆ ಕೆಳಗೆ ಆಗುವುದು ತೀರಾ ಸಾಮಾನ್ಯ. ಅಂದರೆ ನಿಮ್ಮ ಅಂದಾಜು ಸರಿಯೇ ಇದ್ದು, ಸಂಜೆಗೆ ಬೆಲೆ ನೀವು ಹೇಳಿದ ಕಡೆಗೇ ಬಂದರೂ, ಮಧ್ಯಾಹ್ನದ ಸಣ್ಣ ಅಲುಗಾಟಕ್ಕೇ ನೀವು ಹೊರಗೆ ಬಿದ್ದಿರುತ್ತೀರಿ. 30 ಪಟ್ಟಿನಲ್ಲಿ ಅದೇ 10 ಸಾವಿರ ಹೋಗಬೇಕಾದರೆ ಬೆಲೆ ಶೇ 3.3 ಸರಿಯಬೇಕು. ಅದು ಒಂದೇ ದಿನದಲ್ಲಿ ಆಗುವುದು ಅಪರೂಪ.

ಇನ್ನೊಂದು ಲೆಕ್ಕ. ಇದನ್ನು ಯಾರೂ ನೋಡುವುದಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಒಂದು ಸಣ್ಣ ಅಂತರ ಇರುತ್ತದೆ, ಸ್ಪ್ರೆಡ್ ಅನ್ನುತ್ತಾರೆ. ಯೂರೋ 1.10 ಡಾಲರ್ ಇದ್ದಾಗ ಅಂತರ ಒಂದು ಪಿಪ್, ಅಂದರೆ 0.0001 ಅಂತ ಇಟ್ಟುಕೊಳ್ಳೋಣ. 50 ಲಕ್ಷದ ಮೇಲೆ ಅದು ಸುಮಾರು 455 ರೂಪಾಯಿ. ನಿಮ್ಮ ದುಡ್ಡು ಇರುವುದೇ 10 ಸಾವಿರ. ಬಟನ್ ಒತ್ತಿದ ತಕ್ಷಣ ಶೇ ನಾಲ್ಕೂವರೆ ಕೈಬಿಟ್ಟಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ ಅಂತ 22 ಸಲ ಆಡಿದರೆ ಬಂಡವಾಳವೇ ಇಲ್ಲ. 30 ಪಟ್ಟಿನಲ್ಲಿ ಅದೇ ಖರ್ಚು 27 ರೂಪಾಯಿ.

ತಮ್ಮಾ ಕೊಪ್ಪಳದವನೇ, ನಿನಗೆ ಒಂದು ಪ್ರಶ್ನೆ. ನೀನು 15 ಪಟ್ಟು ಮಾತ್ರ ಬಳಸುತ್ತೀಯ ಅಂದೆ. ಹಾಗಾದರೆ 30ರ ಮಿತಿ ಬಂದರೆ ನಿನಗೆ ಏನೂ ತೊಂದರೆ ಇಲ್ಲ. ಮತ್ತೆ ಆ 500 ಇರುವುದು ಯಾರಿಗಾಗಿ?

ತುಂಗಭದ್ರೆಯ ಮಗಳು

ಮೇಷ್ಟ್ರೇ, ಯಾರಿಗಾಗಿ ಅಂತ ನಾನು ಹೇಳುತ್ತೇನೆ.

ನಾನು ಗಂಗಾವತಿಯವಳು. ನನ್ನ ಗಂಡ ಎರಡು ವರ್ಷ ಇದೇ ಆಟ ಆಡಿದರು. ನನ್ನ ಆರು ತೊಲೆ ಬಂಗಾರ ಇನ್ನೂ ಅಡವಿನಲ್ಲಿದೆ. ಎಲ್ಲಾ ಮುಗಿದ ಮೇಲೆ ನಾನು ಕೂತು ಅವರ ಫೋನಿನಲ್ಲಿದ್ದ ಮೆಸೇಜ್ ಪೂರ್ತಿ ಓದಿದೆ. ಕ್ಲಾಸ್ ನಡೆಸುತ್ತಿದ್ದವರಿಗೆ ಲಾಟ್ ಲೆಕ್ಕದಲ್ಲಿ ಕಮಿಷನ್ ಬರುತ್ತಿತ್ತು. ಒಂದು ಲಾಟ್‌ಗೆ 5 ಡಾಲರ್. ಇವರು ಗೆಲ್ಲಲಿ, ಸೋಲಲಿ, ಅವರಿಗೆ ಬರುವುದು ಬಂದೇ ಬರುತ್ತದೆ. "ಲಾಟ್ ಸೈಜ್ ಹೆಚ್ಚು ಮಾಡಿ ಅಣ್ಣಾ, ಸಣ್ಣದರಲ್ಲಿ ಆಡಿದರೆ ಯಾವಾಗ ರಿಕವರಿ ಆಗುವುದು" ಅಂತ ಅವರು ಕಳಿಸಿದ ಮೆಸೇಜ್‌ಗಳನ್ನು ಎಣಿಸಿದೆ. 31 ಇದ್ದವು.

ನನ್ನ ಗಂಡ ಕೆಟ್ಟವರಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇದನ್ನು ಜೂಜು ಅಂತ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ಓದು ಅಂದುಕೊಂಡರು. ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಚಾರ್ಟ್ ಬಿಡಿಸುತ್ತಿದ್ದರು. ಆ ನೋಟ್‌ಬುಕ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಲಿಂಗಸುಗೂರು ಮೇಷ್ಟ್ರು

ಅಕ್ಕಾರೆ, ನೀವು ಹೇಳಿದ ಮೇಲೆ ಅದನ್ನೂ ಲೆಕ್ಕ ಹಾಕಿದೆ. ಡಾಲರ್‌ಗೆ 85 ಅಂತ ಹಿಡಿದೆ. ಹುಡುಗನ 10 ಸಾವಿರಕ್ಕೆ 30ರ ಮಿತಿ ಇದ್ದರೆ ಒಂದು ಸಲಕ್ಕೆ ಕ್ಲಾಸ್ ನಡೆಸುವ ಏಜೆಂಟನಿಗೆ ಸಿಗುವುದು 13–14 ರೂಪಾಯಿ. 500 ಇದ್ದರೆ 225 ದಾಟುತ್ತದೆ. ಗುಮಾಸ್ತರ ತಮ್ಮ 8 ಲಾಟ್ ಹಿಡಿದ ಆ ಸಂಜೆ ಏಜೆಂಟನಿಗೆ 40 ಡಾಲರ್, ಅಂದರೆ 3,400 ರೂಪಾಯಿ ಬಂದಿರಬೇಕು. ಒಂದೇ ಬಟನ್‌ಗೆ.

ಹುಡುಗನ ಲಾಭ 500 ಪಟ್ಟು ಆಗುತ್ತದೋ ಇಲ್ಲವೋ, ಅದು ಅದೃಷ್ಟ. ಏಜೆಂಟನ ಕಮಿಷನ್ ಮಾತ್ರ ಪಟ್ಟು ಏರಿದಷ್ಟೂ ಏರುತ್ತದೆ. ಇದರಲ್ಲಿ ಅನುಮಾನವೇ ಇಲ್ಲ.

ಸಿಂಧನೂರು ಗುಮಾಸ್ತ

ಮೇಷ್ಟ್ರೇ, ಇದನ್ನು ಓದಿ ನನ್ನ ಕೈ ನಡುಗಿತು. ನಮ್ಮ ದಲಾಲರೂ ಕಮಿಷನ್ ಮೇಲೆ ಬದುಕುವವರೇ. ಆದರೆ ರೈತ ಮುಳುಗಿದರೆ ಕೊಟ್ಟ ಮುಂಗಡ ಅವರದ್ದೂ ಮುಳುಗುತ್ತದೆ. ಹಾಗಾಗಿ ಆರು ಎಕರೆಯವನಿಗೆ ಅರವತ್ತು ಎಕರೆಯ ಸಾಲ ಯಾರೂ ಕೊಡುವುದಿಲ್ಲ. ಇಲ್ಲಿ ಸಾಲ ಕೊಟ್ಟವನಿಗೆ ಹುಡುಗ ಮುಳುಗಿದರೆ ಏನೂ ಹೋಗುವುದಿಲ್ಲ ಅಂತಾಯಿತು.

ಬಳ್ಳಾರಿ ಜೀನ್ಸ್

ಹೋಗುವುದಿಲ್ಲ ಅಷ್ಟೇ ಅಲ್ಲ, ಎಷ್ಟೋ ಕಡೆ ಅವರಿಗೇ ಬರುತ್ತದೆ. ಇಂಥ ಬ್ರೋಕರ್‌ಗಳಲ್ಲಿ ಬಹಳಷ್ಟು ಜನ ನಿಮ್ಮ ಆರ್ಡರ್ ಅನ್ನು ಮಾರ್ಕೆಟ್‌ಗೆ ಕಳಿಸುವುದೇ ಇಲ್ಲ. ಎದುರು ಪಾರ್ಟಿ ಅವರೇ. ನಿಮ್ಮ ನಷ್ಟ ಅವರ ಲಾಭ. ಇದಕ್ಕೆ ಬಿ-ಬುಕ್ ಅಂತ ಹೆಸರು.

ನನಗೆ ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಯೂನಿಟ್ ಇದೆ, 18 ಮಷೀನ್. 2012ರಿಂದ ನಾನು ನಮ್ಮ ಎನ್‌ಎಸ್‌ಇ ಷೇರುಪೇಟೆಯಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ತಾರೀಖಿನ ಡಾಲರ್‌ಗೆ ಇವತ್ತೇ ಬೆಲೆ ಹಿಡಿಯುವ ವ್ಯವಹಾರ ಮಾಡಿದವನು. ಇಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ದೇಶದಲ್ಲಿ ಕಾನೂನಿನ ದಾರಿ ಇತ್ತು. 2008ರ ಆಗಸ್ಟ್‌ನಲ್ಲಿ ಎನ್‌ಎಸ್‌ಇಯಲ್ಲಿ ಡಾಲರ್ ಫ್ಯೂಚರ್ಸ್ ಶುರುವಾಯಿತು. ಒಂದು ಲಾಟ್ ಸಾವಿರ ಡಾಲರ್ ಮಾತ್ರ. ಮಾರ್ಜಿನ್, ಅಂದರೆ ಮೊದಲೇ ಕಟ್ಟಿಡುವ ಠೇವಣಿ, ಶೇ ಎರಡು–ಮೂರರ ಆಸುಪಾಸು. ಅಂದರೆ 30ರಿಂದ 50 ಪಟ್ಟು, ಅಮೆರಿಕ–ಯುರೋಪಿನ ಮಿತಿಗೆ ಸರಿಸಮ. ಎದುರು ಪಾರ್ಟಿ ಯಾರು ಅಂತ ಚಿಂತೆ ಇಲ್ಲ, ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಲ್ಲುತ್ತದೆ. ಅದೂ ಅಲ್ಲದೆ ರೂಪಾಯಿ ಯೂರೋದಷ್ಟು ಕುಣಿಯುವುದಿಲ್ಲ.

2024ರ ಜನವರಿಯಲ್ಲಿ ಆರ್‌ಬಿಐ ಒಂದು ಸುತ್ತೋಲೆ ತಂದಿತು. ರೂಪಾಯಿ ಇರುವ ಇಂಥ ವ್ಯವಹಾರ ಮಾಡಬೇಕಾದರೆ ನಿಮಗೆ ನಿಜವಾದ ವಿದೇಶಿ ಹಣದ ಬಾಕಿ ಇರಬೇಕು. ರಫ್ತೋ ಆಮದೋ ಏನೋ ಒಂದು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ, ಆದರೆ ಬಾಕಿ ಇರಲೇಬೇಕು. ಏಪ್ರಿಲ್‌ನಲ್ಲಿ ಜಾರಿ ಆಗಬೇಕಿತ್ತು, ಮೇ 3ಕ್ಕೆ ಮುಂದೆ ಹೋಯಿತು. ಬ್ರೋಕರ್‌ಗಳು ಗಾಬರಿಯಾಗಿ ಗಿರಾಕಿಗಳಿಗೆ ಖಾಲಿ ಮಾಡಿ ಅಂದರು. ವ್ಯವಹಾರ ಪಾತಾಳಕ್ಕೆ ಬಿತ್ತು. ನಾನೂ ಹೊರಬಂದೆ.

40 ಪಟ್ಟಿನ ಕಾನೂನಿನ ಬಾಗಿಲು ಸಣ್ಣದಾಯಿತು. 500 ಪಟ್ಟಿನ ಕಳ್ಳ ಬಾಗಿಲು ಹುಡುಗರ ಜೇಬಿನಲ್ಲೇ ಇದೆ. ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಮಿತಿ ಹಾಕಬೇಕು ನಿಜ. ಆದರೆ ಮಿತಿ ಹಾಕಿದ ಬಾಗಿಲು ತೆರೆದಿರಬೇಕಲ್ವಾ?

ನಿವೃತ್ತ ಬ್ಯಾಂಕ್ ಕಾಕಾ

ನಾನು ರಾಯಚೂರಿನವನು. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ 19 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಜೀನ್ಸ್‌ನವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ.

ಮೊದಲು ಗುಮಾಸ್ತರ ಪ್ರಶ್ನೆಗೆ ನೇರ ಉತ್ತರ. ನಮ್ಮಲ್ಲಿ ಮಿತಿ ಇಲ್ಲ ಅನ್ನುವುದು ತಪ್ಪು. ಹೊರದೇಶದ ಆಪ್‌ನಲ್ಲಿ ಮಾರ್ಜಿನ್ ಇಟ್ಟು ಕರೆನ್ಸಿ ಆಡಲು ನಮ್ಮ ಕಾನೂನಿನಲ್ಲಿ ಇರುವ ಮಿತಿ ಸೊನ್ನೆ. 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಇದೆ. ಒಬ್ಬ ವ್ಯಕ್ತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಓದಿಗೆ, ಔಷಧಕ್ಕೆ, ಷೇರಿಗೆ ಕಳಿಸಬಹುದು. ಆದರೆ ಮಾರ್ಜಿನ್ ಕಟ್ಟಲು ಕಳಿಸುವ ಹಾಗಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಒಪ್ಪಿಗೆ ಇಲ್ಲದ ಆಪ್‌ಗಳ ಎಚ್ಚರಿಕೆ ಪಟ್ಟಿಯನ್ನು ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾಕಿತು. ಆಗ 34 ಹೆಸರು ಇದ್ದವು. ಆಮೇಲೆ ಬೆಳೆಯುತ್ತಲೇ ಹೋಗಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಒಪ್ಪಿಗೆ ಇದೆ ಅಂತ ಅರ್ಥವಲ್ಲ, ಅದನ್ನೂ ಆರ್‌ಬಿಐ ಹೇಳಿದೆ. ಕ್ಲಾಸಿನವರು ಇದನ್ನೇ ತಿರುಚಿ "ನಮ್ಮ ಆಪ್ ಪಟ್ಟಿಯಲ್ಲಿ ಇಲ್ಲ ನೋಡಿ" ಅನ್ನುತ್ತಾರೆ. ನನ್ನ ಅಕ್ಕನ ಮಗನಿಗೂ ಹೀಗೇ ಹೇಳಿದ್ದರು.

ಜೀನ್ಸ್‌ನವರೇ, 2024ರ ಸುತ್ತೋಲೆ ಹೊಸ ನಿಯಮ ತರಲಿಲ್ಲ. ಬಾಕಿ ಇರಬೇಕು ಅನ್ನುವುದು ಮೊದಲಿನಿಂದಲೂ ಇತ್ತು. ಯಾರೂ ಪಾಲಿಸುತ್ತಿರಲಿಲ್ಲ. ಬಾಗಿಲು ತೆರೆದಿದ್ದಾಗಲೂ ಆ ಹುಡುಗ ನಿಮ್ಮ ಎನ್‌ಎಸ್‌ಇಗೆ ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದು 10 ಸಾವಿರ ನಾಲ್ಕು ದಿನದಲ್ಲಿ 48 ಸಾವಿರ ಆಗುವುದು. ಕಾನೂನಿನ ಯಾವ ಬಾಗಿಲಲ್ಲೂ ಅದು ಸಿಗುವುದಿಲ್ಲ.

ಬಳ್ಳಾರಿ ಜೀನ್ಸ್

ಕಾಕಾ, ಎಲ್ಲರೂ ಬರುತ್ತಿರಲಿಲ್ಲ ನಿಜ. ನೂರಕ್ಕೆ ಹತ್ತು ಜನ ಬಂದಿದ್ದರೂ ಹತ್ತು ಮನೆ ಉಳಿಯುತ್ತಿತ್ತು. ನನ್ನ ಮಾತು ಅಷ್ಟೇ.

ಕೊಪ್ಪಳ ಹುಡುಗ

ಮಿತಿಯಿಂದ ನಷ್ಟ ಕಡಿಮೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದಕ್ಕೆ ಆಧಾರ ಏನು? ಸೋಲುವವನು 30ರಲ್ಲೂ ಸೋಲುತ್ತಾನೆ, ನಿಧಾನವಾಗಿ ಸೋಲುತ್ತಾನೆ ಅಷ್ಟೇ. ಇದು ಸುಮ್ನೆ ವಾದ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನಿವೃತ್ತ ಬ್ಯಾಂಕ್ ಕಾಕಾ

ಒಳ್ಳೆಯ ಪ್ರಶ್ನೆ ತಮ್ಮಾ. ಅಮೆರಿಕದ ಉದಾಹರಣೆ ತಗೋ. 2010ರ ಜನವರಿಯಲ್ಲಿ ಅಲ್ಲಿನ ಸಿಎಫ್‌ಟಿಸಿ ಎಂಬ ನಿಯಂತ್ರಕರು 10 ಪಟ್ಟಿಗೆ ಇಳಿಸೋಣ ಅಂದರು. ಸಾವಿರಾರು ಜನ ವಿರೋಧಿಸಿ ಬರೆದರು. ನೀನು ಹೇಳಿದ್ದನ್ನೇ ಅವರೂ ಹೇಳಿದ್ದು: ನಮ್ಮ ದುಡ್ಡು, ನಮ್ಮ ರಿಸ್ಕ್, ಮಿತಿ ಹಾಕಿದರೆ ಹೊರದೇಶಕ್ಕೆ ಹೋಗುತ್ತೇವೆ. ಕೊನೆಗೆ ದೊಡ್ಡ ಕರೆನ್ಸಿಗಳಿಗೆ 50, ಉಳಿದವಕ್ಕೆ 20 ಅಂತ ಆಯಿತು. ಅದೇ ಅಕ್ಟೋಬರ್‌ನಿಂದ ಜಾರಿ.

ಇದರಿಂದ ಏನಾಯಿತು ಅಂತ ರಾಲಿ ಹೈಮರ್, ಆಲ್ಪ್ ಸಿಮ್ಸೆಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಖಾತೆಗಳ ಲೆಕ್ಕ ಹಿಡಿದು ನೋಡಿದರು. 2019ರಲ್ಲಿ ಪ್ರಕಟವಾಯಿತು. ವ್ಯವಹಾರ ಶೇ 23 ಕಡಿಮೆಯಾಗಿತ್ತು. ಜಾಸ್ತಿ ಲೆವರೇಜ್ ಬಳಸುತ್ತಿದ್ದವರ ನಷ್ಟ ಶೇ 40 ಇಳಿದಿತ್ತು. ಬ್ರೋಕರ್‌ಗಳು ಕೇಳುವ ಸ್ಪ್ರೆಡ್ ಏರಿರಲಿಲ್ಲ. ನಿಧಾನವಾಗಿ ಸೋಲುತ್ತಾನೆ ಅಂದೆಯಲ್ಲ, ನಿಧಾನವಾಗಿ ಸೋಲುವವನಿಗೆ ಎದ್ದು ಹೋಗಲು ಟೈಮ್ ಸಿಗುತ್ತದೆ. ಗುಮಾಸ್ತರ ತಮ್ಮನಿಗೆ ಕೆಲವು ನಿಮಿಷ ಮಾತ್ರ ಸಿಕ್ಕಿತು.

ಜಪಾನ್ 2010ರಲ್ಲಿ 50ಕ್ಕೆ, ಮರುವರ್ಷ 25ಕ್ಕೆ ಇಳಿಸಿತು. ಯುರೋಪಿನ ಮಾರುಕಟ್ಟೆ ನಿಯಂತ್ರಕರಾದ ಎಸ್ಮಾ 2018ರ ಆಗಸ್ಟ್‌ನಲ್ಲಿ 30 ಮಾಡಿತು. ಜೊತೆಗೆ ಬೋನಸ್ ಆಸೆ ತೋರಿಸುವುದನ್ನು ನಿಲ್ಲಿಸಿತು. ಖಾತೆ ಮೈನಸ್‌ಗೆ ಹೋಗಿ ಗಿರಾಕಿ ಸಾಲಗಾರ ಆಗಬಾರದು ಅಂತಲೂ ಮಾಡಿತು. ಆಗ ಅಲ್ಲಿನ ಹಲವು ದೇಶಗಳ ಲೆಕ್ಕದಲ್ಲಿ ಇಂಥ ಸಣ್ಣ ಖಾತೆಗಳಲ್ಲಿ ಶೇ 74ರಿಂದ 89 ನಷ್ಟದಲ್ಲಿದ್ದವು. ಆಸ್ಟ್ರೇಲಿಯಾ 2021ರಲ್ಲಿ ಅದೇ 30ಕ್ಕೆ ಬಂತು.

ಖಾತೆ ಮೈನಸ್ ಆಗುವುದು ಅಂದರೆ ಏನು ಅಂತ ಕೇಳಬಹುದು. 2015ರ ಜನವರಿ 15. ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ಬಿಡುವುದಿಲ್ಲ ಅಂತ ಸ್ವಿಸ್ ಕೇಂದ್ರ ಬ್ಯಾಂಕ್ ಮೂರು ವರ್ಷದಿಂದ ಹಿಡಿದು ನಿಲ್ಲಿಸಿತ್ತು. ಆ ದಿನ ಕೈಬಿಟ್ಟಿತು. ನಿಮಿಷಗಳಲ್ಲಿ ಯೂರೋ 1 ಫ್ರಾಂಕ್‌ಗಿಂತ ಕೆಳಗೆ ಹೋಯಿತು. ಇಂಥ ಬೆಲೆ ಮುಟ್ಟಿದರೆ ತಾನಾಗಿಯೇ ಮುಚ್ಚು ಅನ್ನುವ ಸ್ಟಾಪ್ ಲಾಸ್ ಆರ್ಡರ್ ಹಾಕಿದ್ದೇವೆ ಅಂತ ನಂಬಿ ಕೂತವರಿಗೆ ಸ್ಟಾಪ್ ಸಿಗಲೇ ಇಲ್ಲ. ನಡುವಿನ ಬೆಲೆಯಲ್ಲಿ ಕೊಳ್ಳುವವರೇ ಇರಲಿಲ್ಲ. ಎಫ್‌ಎಕ್ಸ್‌ಸಿಎಂ ಎಂಬ ದೊಡ್ಡ ಬ್ರೋಕರ್‌ಗೆ ಗಿರಾಕಿಗಳಿಂದ ಸುಮಾರು 22.5 ಕೋಟಿ ಡಾಲರ್ ಬಾಕಿ ಬಿತ್ತು. ಅಲ್ಪಾರಿ ಎಂಬ ಇನ್ನೊಂದು ಬ್ರೋಕರ್‌ನ ಬ್ರಿಟನ್ ಕಂಪನಿ ಮುಚ್ಚಿತು. ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಯಿತಲ್ಲ, ಹಾಗೆ. ಅಲ್ಲಿಯವರೆಗೆ ಗೇಟ್ ಇದೆ ಅಂತ ಯಾರಿಗೂ ಅನುಮಾನ ಇರಲಿಲ್ಲ.

ಕಾರಟಗಿ ರೈಸ್

ಕಾಕಾ, ಆ ರಾತ್ರಿ ನಾವು ಯಾರೂ ಮಲಗಿರಲಿಲ್ಲ.

ನಮ್ಮದು ರೈಸ್ ಮಿಲ್, ಸ್ವಲ್ಪ ರಫ್ತು ಇದೆ. ನಿಜವಾದ ಬಾಕಿ ಇರುವವರ ಮಾತು ಒಂದು ಬರಲಿ ಅಂತ ಬರೆಯುತ್ತಿದ್ದೇನೆ. ಅಕ್ಕಿ ಕಳಿಸಿ ದುಡ್ಡು ಬರಲು ಎರಡು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಡಾಲರ್ ಬಿದ್ದರೆ ನಮ್ಮ ಲಾಭವೆಲ್ಲ ಅದರಲ್ಲೇ ಹೋಗುತ್ತದೆ. ಅದಕ್ಕೆ ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡುತ್ತೇವೆ, ಇಂಥ ತಾರೀಖಿಗೆ ಇಂಥ ರೇಟಿಗೆ ಡಾಲರ್ ಕೊಡುತ್ತೇವೆ ಅಂತ. ಅದರಲ್ಲೂ ಹೊಡೆತ ತಿಂದಿದ್ದೇವೆ. 2023ರ ಜುಲೈನಲ್ಲಿ ಬಾಸುಮತಿ ಅಲ್ಲದ ಬಿಳಿ ಅಕ್ಕಿ ರಫ್ತನ್ನು ಒಮ್ಮೆಲೇ ನಿಲ್ಲಿಸಿದರು. ನಮ್ಮ ಹತ್ತಿರ ಬುಕ್ ಮಾಡಿದ ಫಾರ್ವರ್ಡ್ ಇತ್ತು, ಕಳಿಸಲು ಅಕ್ಕಿ ಇರಲಿಲ್ಲ, ಬರುವ ಡಾಲರ್ ಇರಲಿಲ್ಲ. ರದ್ದು ಮಾಡಿಸಲು ಕೈಯಿಂದ ಕಟ್ಟಿದೆವು. ಸಾಲದ ಪಟ್ಟು ಒಂದೂ ಇಲ್ಲದೆ, ಸರಕು ಕಣ್ಣೆದುರು ಇಟ್ಟುಕೊಂಡು ಮಾಡಿದವರಿಗೇ ಹೀಗಾಗುತ್ತದೆ. ಸರಕೂ ಇಲ್ಲದೆ 500 ಪಟ್ಟು ಅಂದರೆ ನನಗೆ ಊಹೆಗೂ ಸಿಗುವುದಿಲ್ಲ.

ಹೊಸಬ, ಮಸ್ಕಿ

ಒಂದು ಪ್ರಶ್ನೆ ಕೇಳಬಹುದಾ? ನಮ್ಮೂರಿನ ಒಬ್ಬ ಹುಡುಗನಿಗೆ ತಿಂಗಳಿಗೆ 8 ಸಾವಿರ ಕೊಡುತ್ತೇವೆ, ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು ಅಂದಿದ್ದರು. ಕೊಟ್ಟ. ಈಗ ಖಾತೆ ಫ್ರೀಜ್ ಆಗಿದೆ. ಬೇರೆ ರಾಜ್ಯದ ಪೊಲೀಸರಿಂದ ನೋಟಿಸ್ ಬಂದಿದೆ. ಅದಕ್ಕೂ ಈ ಫಾರೆಕ್ಸ್ ಆಪ್‌ಗೂ ಸಂಬಂಧ ಇದೆಯಾ?

ಸಿಂಧನೂರು ಗುಮಾಸ್ತ

ಇರಬಹುದು ತಮ್ಮಾ. ನನ್ನ ತಮ್ಮನ ಯುಪಿಐ ಪಟ್ಟಿ ತೆಗೆದು ನೋಡಿದೆ. ಅವನು ಆಪ್‌ಗೆ ಅಂತ ಒಟ್ಟು 9 ಸಲ ದುಡ್ಡು ಹಾಕಿದ್ದಾನೆ. 9 ಸಲವೂ ಬೇರೆ ಬೇರೆ ಹೆಸರಿಗೆ ಹೋಗಿದೆ. ಒಂದು ಬಟ್ಟೆ ಅಂಗಡಿ, ಒಂದು ಹಾಲಿನ ಏಜೆನ್ಸಿ, ಉಳಿದವು ಯಾರ್ಯಾರದ್ದೋ ಸ್ವಂತ ಖಾತೆ. ಒಂದೂ ಆ ಕಂಪನಿಯ ಹೆಸರಲ್ಲಿ ಇಲ್ಲ. ಫಾರಿನ್ ಕಂಪನಿ ಅಂತಾರೆ, ದುಡ್ಡು ಹೋಗುವುದು ನಮ್ಮ ನಿಮ್ಮಂಥವರ ಖಾತೆಗೆ.

ನಿವೃತ್ತ ಬ್ಯಾಂಕ್ ಕಾಕಾ

ಇದೇ ನೋಡಿ ಹಿಡಿಯಬೇಕಾದ ಜಾಗ. 500 ಪಟ್ಟು ಕೊಡುವ ಕಂಪನಿ ಯಾವುದೋ ದ್ವೀಪದಲ್ಲಿದೆ. ಅಲ್ಲಿಗೆ ನಮ್ಮ ಸುತ್ತೋಲೆ ಮುಟ್ಟುವುದಿಲ್ಲ. ಆದರೆ ದುಡ್ಡು ಹೊರಡುವುದು ಸಿಂಧನೂರಿನಿಂದ. ಕ್ಲಾಸ್ ನಡೆಯುವುದು ಪಕ್ಕದ ಊರಿನ ಮಹಡಿ ಮೇಲೆ. ಖಾತೆ ಬಾಡಿಗೆಗೆ ಸಿಗುವುದು ಮಸ್ಕಿಯಲ್ಲಿ. ಈ ಮೂರೂ ನಮ್ಮ ಕಾನೂನಿನ ಕೈಗೆ ಸಿಗುವಂಥವು. ಅಮೆರಿಕದಲ್ಲಿ 50ರ ಮಿತಿ ಕೆಲಸ ಮಾಡಿದ್ದು ಅಲ್ಲಿನ ಬ್ರೋಕರ್‌ಗಳು ಅಲ್ಲಿನ ನಿಯಂತ್ರಕರಿಗೆ ನೋಂದಾಯಿಸಿಕೊಂಡಿದ್ದಕ್ಕೆ. ಮಿತಿಯ ಅಂಕಿ ಎಷ್ಟೇ ಇರಲಿ, ಅದನ್ನು ಜಾರಿ ಮಾಡುವ ಕೈ ಬೇಕು.

ಮಸ್ಕಿಯ ತಮ್ಮಾ, ಆ ಹುಡುಗ ಬಚ್ಚಿಟ್ಟುಕೊಳ್ಳುವುದು ಬೇಡ. ವಕೀಲರನ್ನು ಕರೆದುಕೊಂಡು ನೋಟಿಸ್‌ಗೆ ಉತ್ತರ ಕೊಡಲಿ. ಖಾತೆ ಕೇಳಿದವರ ಮೆಸೇಜ್ ಒಂದನ್ನೂ ಅಳಿಸಬಾರದು.

ಬಳ್ಳಾರಿ ಜೀನ್ಸ್

ನಮ್ಮಲ್ಲೂ ಜಾರಿ ಮಾಡಿದ ಉದಾಹರಣೆ ಇದೆ, ಅದನ್ನೂ ಹೇಳಬೇಕು. ಷೇರಿನ ಇಂಟ್ರಾಡೇಯಲ್ಲಿ, ಅಂದರೆ ಅವತ್ತೇ ಕೊಂಡು ಅವತ್ತೇ ಮಾರುವುದರಲ್ಲಿ, ಬ್ರೋಕರ್‌ಗಳು 20, 30 ಪಟ್ಟು ಕೊಡುತ್ತಿದ್ದ ಕಾಲ ನಾನೇ ನೋಡಿದ್ದೇನೆ. 2020ರ ಡಿಸೆಂಬರ್‌ನಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಹಂತಹಂತವಾಗಿ ಬಿಗಿ ಮಾಡಿತು. 2021ರ ಸೆಪ್ಟೆಂಬರ್ ಹೊತ್ತಿಗೆ ಷೇರಿಗೆ ಹೆಚ್ಚೆಂದರೆ 5 ಪಟ್ಟು ಆಯಿತು. ನಾವೆಲ್ಲ ಗಲಾಟೆ ಮಾಡಿದೆವು, ಮಾರ್ಕೆಟ್ ಸತ್ತೇ ಹೋಗುತ್ತದೆ ಅಂದೆವು. ಸಾಯಲಿಲ್ಲ. ಆದರೆ ಜನ ಆಪ್ಷನ್ಸ್‌ಗೆ, ಅಂದರೆ ಸಣ್ಣ ದುಡ್ಡಲ್ಲಿ ದೊಡ್ಡ ಪಣ ಹಿಡಿಯುವ ಇನ್ನೊಂದು ಬಗೆಯ ವ್ಯವಹಾರಕ್ಕೆ ಹೋದರು. ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಮೂರು ವರ್ಷದಲ್ಲಿ ಶೇ 93 ಸಣ್ಣ ಹೂಡಿಕೆದಾರರು ಸೋತರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಅಂತ 2024ರಲ್ಲಿ ಸೆಬಿಯೇ ಹೇಳಿತು. ಒಂದು ಕಡೆ ಕಟ್ಟೆ ಹಾಕಿದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ. ಅದಕ್ಕೇ ನಾನು ಬಾಗಿಲು ಬಾಗಿಲು ಅನ್ನುವುದು.

ತುಂಗಭದ್ರೆಯ ಮಗಳು

ಕಾಕಾ, ದೂರು ಕೊಡಲು ಹೋದರೆ ನಮ್ಮ ಮೇಲೇ ಕೇಸ್ ಆಗುತ್ತದೆ ಅಂತ ಕ್ಲಾಸಿನವರು ಹೆದರಿಸಿದ್ದರು. ಅದಕ್ಕೇ ನಾವು ಇಷ್ಟು ದಿನ ಸುಮ್ಮನಿದ್ದೆವು. ಅದು ನಿಜವಾ?

ನಿವೃತ್ತ ಬ್ಯಾಂಕ್ ಕಾಕಾ

ತಾಯೀ, ಸುಳ್ಳು ಹೇಳುವುದಿಲ್ಲ. ಫೆಮಾದಲ್ಲಿ ದಂಡ ಇದೆ, ಮೊತ್ತದ ಮೂರು ಪಟ್ಟಿನವರೆಗೂ ಹಾಕಬಹುದು. ಆಡಿದವರೂ ಅದರ ಕೆಳಗೆ ಬರುತ್ತಾರೆ. ಆದರೆ ಅದು ಸಿವಿಲ್ ದಂಡ. ತಪ್ಪನ್ನು ನಾವಾಗಿಯೇ ಒಪ್ಪಿಕೊಂಡು ಇತ್ಯರ್ಥ ಮಾಡಿಸಿಕೊಳ್ಳಲು ಆರ್‌ಬಿಐನಲ್ಲಿ ದಾರಿಯೂ ಇದೆ, ಕಾಂಪೌಂಡಿಂಗ್ ಅನ್ನುತ್ತಾರೆ. ಇನ್ನು ಮೋಸ ಮಾಡಿ ದುಡ್ಡು ಹಾಕಿಸಿದವರದ್ದು ಬೇರೆ ಅಪರಾಧ. ನಿಮ್ಮ ಭಯವೇ ಅವರ ಬಂಡವಾಳ. ಒಬ್ಬ ಒಳ್ಳೆಯ ವಕೀಲರನ್ನು ಕಂಡು, ಅವರ ಜೊತೆ ಹೋಗಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು. ದುಡ್ಡು ಹೋದ ಕೆಲವೇ ಗಂಟೆಯಲ್ಲಿ ಮಾಡಿದರೆ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ.

ಕೊಪ್ಪಳ ಹುಡುಗ

ಎರಡು ದಿನ ಬರೆಯಲಿಲ್ಲ. ಮೇಷ್ಟ್ರು ಹೇಳಿದ ಸ್ಪ್ರೆಡ್ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ನನ್ನ 11 ತಿಂಗಳ ಸ್ಟೇಟ್‌ಮೆಂಟ್ ತೆಗೆದು ಕೂತೆ.

ನಾನು ಹಾಕಿದ್ದು 60 ಸಾವಿರ. ಈಗ ಇರುವುದು 34 ಸಾವಿರ. ಒಟ್ಟು 410 ಟ್ರೇಡ್. ಪ್ರತಿಯೊಂದೂ 0.10 ಲಾಟ್. ಒಂದೊಂದಕ್ಕೂ ಸ್ಪ್ರೆಡ್ ಸುಮಾರು 100 ರೂಪಾಯಿ. ಅಂದರೆ 41 ಸಾವಿರ ಸ್ಪ್ರೆಡ್‌ಗೇ ಹೋಗಿದೆ. ಅದನ್ನು ಬಿಟ್ಟು ನೋಡಿದರೆ ನಾನು 15 ಸಾವಿರ ಲಾಭದಲ್ಲಿದ್ದೆ. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಆಡಿದ್ದೇನೆ, ಆದರೂ 26 ಸಾವಿರ ಕಳೆದುಕೊಂಡಿದ್ದೇನೆ.

ದೊಡ್ಡವರಿಗೆ ಅವರ ದುಡ್ಡಿನ ಮೇಲೆ ಹಕ್ಕಿರಬೇಕು ಅನ್ನುವುದನ್ನು ನಾನು ಈಗಲೂ ಬಿಡುವುದಿಲ್ಲ. ಮೇಷ್ಟ್ರ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನನಗೆ 500 ಬೇಕಾಗಿರಲಿಲ್ಲ. ನನಗೆ ಕಲಿಸಿದವರಿಗೂ ಲಾಟ್ ಮೇಲೆ ಕಮಿಷನ್ ಇತ್ತಾ ಅಂತ ನಿನ್ನೆ ಅವರನ್ನೇ ಕೇಳಿದೆ. ಗ್ರೂಪಿನಿಂದ ತೆಗೆದುಹಾಕಿದರು.

ಲಿಂಗಸುಗೂರು ಮೇಷ್ಟ್ರು

ತಮ್ಮಾ, ನಿನ್ನ ಸ್ಟೇಟ್‌ಮೆಂಟನ್ನು ಹೆಸರು, ನಂಬರ್ ಅಳಿಸಿ ನನಗೆ ಕೊಡುತ್ತೀಯಾ? ಊರಿನ ಕಾಲೇಜಿನ ಹುಡುಗರಿಗೆ ಇದೇ ಲೆಕ್ಕ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು ಅಂತ ಇದೆ. ನಾನು ಕಲ್ಪಿಸಿ ಹೇಳುವುದಕ್ಕಿಂತ ನಿನ್ನದು ಹೆಚ್ಚು ಮುಟ್ಟುತ್ತದೆ.

ಕೊಪ್ಪಳ ಹುಡುಗ

ಕೊಡುತ್ತೇನೆ ಸರ್. ನಾನೇ ಬಂದು ಹೇಳುತ್ತೇನೆ ಬೇಕಾದರೆ.

ಸಿಂಧನೂರು ಗುಮಾಸ್ತ

ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವು ಹೇಳಿದ್ದನ್ನೆಲ್ಲ ಸೇರಿಸಿ ಒಂದು ಮನವಿ ಬರೆದಿದ್ದೇನೆ. ಒಂದು ಪ್ರತಿ ಜಿಲ್ಲಾ ಎಸ್‌ಪಿ ಅವರಿಗೆ, ಒಂದು ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ, ಒಂದು ಬೆಂಗಳೂರಿನ ಆರ್‌ಬಿಐ ಕಚೇರಿಗೆ. ಲಾಟ್ ಕಮಿಷನ್‌ಗೆ ಕ್ಲಾಸ್ ನಡೆಸುವವರ ಮೇಲೆ ಕೇಸ್ ಹಾಕಿ, ಬಾಡಿಗೆ ಖಾತೆಗಳನ್ನು ಬ್ಯಾಂಕಿನವರು ಮೊದಲೇ ಹಿಡಿಯಲಿ, ಆರ್‌ಬಿಐನ ಎಚ್ಚರಿಕೆ ಪಟ್ಟಿ ಕನ್ನಡದಲ್ಲಿ ಪ್ರತಿ ಶಾಖೆಯ ಗೋಡೆ ಮೇಲೆ ಇರಲಿ ಅಂತ ಕೇಳಿದ್ದೇನೆ. ಜೀನ್ಸ್‌ನವರು ಹೇಳಿದ ಬಾಗಿಲಿನ ಮಾತನ್ನೂ ಆರ್‌ಬಿಐ ಪ್ರತಿಯಲ್ಲಿ ಸೇರಿಸಿದ್ದೇನೆ: ಸಣ್ಣ ಮೊತ್ತ, 25 ಪಟ್ಟಿನ ಒಳಗೆ, ನಮ್ಮ ಎಕ್ಸ್‌ಚೇಂಜಿನಲ್ಲೇ. ಕಾಕಾ ಇದನ್ನು ಒಪ್ಪುವುದಿಲ್ಲ ಅಂತ ಗೊತ್ತು. ಅವರ ಆಕ್ಷೇಪವನ್ನೂ ಅದರ ಕೆಳಗೇ ಬರೆದಿದ್ದೇನೆ.

ತಮ್ಮ 9 ಪಾವತಿಗಳ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿದ್ದಾನೆ. ಅಪ್ಪ ಅವನ ಜೊತೆ ಮೂರು ವಾರದಿಂದ ಮಾತಾಡಿರಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ "ನಾನೂ ಬರುತ್ತೇನೆ" ಅಂದರು. ಸೋಮವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ರಾಯಚೂರಿಗೆ ಹೊರಡುತ್ತಿದ್ದೇವೆ. ಸಹಿ ಹಾಕುವವರು ಭಾನುವಾರ ಸಂಜೆಯೊಳಗೆ ತಿಳಿಸಿ.

ತುಂಗಭದ್ರೆಯ ಮಗಳು

ನಾನು ಮತ್ತು ನನ್ನ ಗಂಡ ಇಬ್ಬರೂ ಸಹಿ ಹಾಕುತ್ತೇವೆ ಅಣ್ಣಾರೆ. ಆ 31 ಮೆಸೇಜ್‌ಗಳ ಪ್ರಿಂಟ್ ಕೂಡ ತರುತ್ತೇವೆ. ನಮಗೆ ಗಂಗಾವತಿಯಿಂದ ಬರಬೇಕು, ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ.